ಪಕ್ಕದ ಮನೆ ಮಾಳಿಗೆ ಮೇಲಿನ ಟವರ್

ಸೇಡಂ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನ್ನ ಹತ್ತಿರ ಮೊಬೈಲ್ ಟವರ್ ವಿಷಯ ಹಿಡಿದು ಬರುವವರಲ್ಲಿ ಎರಡು ಪಂಗಡ. ತಮ್ಮ ಮಾಳಿಗೆ ಮೇಲೆ ಟವರ್ ಬೇಕು ಎನ್ನುವವರು ಒಂದು, ಪಕ್ಕದವರ ಮಾಳಿಗೆ ಮೇಲಿನದು ಬೇಡ ಎನ್ನುವವರು ಇನ್ನೊಂದು. ಮೊದಲನೆಯವರು ಬಾಡಿಗೆಯ ಲೆಕ್ಕ ಹಾಕಿಕೊಂಡೇ ಬಂದಿರುತ್ತಾರೆ. ಎರಡನೆಯವರು ಕ್ಯಾನ್ಸರ್ ಅನ್ನುತ್ತಲೇ ಒಳಗೆ ಕಾಲಿಡುತ್ತಾರೆ. ಇಬ್ಬರಿಗೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: "ಛತ್ತು ಯಾವ್ದದರಿ? ಸ್ಲ್ಯಾಬೋ, ಫರ್ಸಿಯೋ?"

ಬೆಂಗಳೂರಿನ ವಕೀಲರಿಗೆ ಈ ಪ್ರಶ್ನೆ ಹೊಳೆಯುವುದು ಕಷ್ಟ. ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ನೆಲಕ್ಕೂ ಕಲ್ಲು, ಗೋಡೆಗೂ ಕಲ್ಲು, ತಲೆಯ ಮೇಲೂ ಕಲ್ಲು. ಕಬ್ಬಿಣದ ಗರ್ಡರ್‌ಗಳ ಮೇಲೆ ಶಹಾಬಾದ್ ಫರ್ಸಿ ಜೋಡಿಸಿ, ಸಂದಿಗೆ ಗಾರೆ ಬಳಿದ ಮನೆಗಳು ಹಳೇ ಓಣಿಗಳಲ್ಲಿ ಇನ್ನೂ ಬೇಕಾದಷ್ಟಿವೆ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಅಲ್ಲೇ ಮಲಗುತ್ತಾರೆ, ತೊಗರಿ ಒಣಗಿಸುತ್ತಾರೆ, ಏನೂ ಆಗುವುದಿಲ್ಲ. ಆದರೆ ಟವರಿನ ಭಾರ ತೊಗರಿಯ ಹಾಗೆ ಹರಡಿಕೊಂಡು ಕೂಡುವುದಿಲ್ಲ. ಅದು ಕಾಲು ಊರಿದ ಜಾಗದಲ್ಲೇ ಬೀಳುತ್ತದೆ. ಗಾಳಿ ಬೀಸಿದಾಗ ಒಂದು ಬದಿಯ ಕಾಲು ಛತ್ತನ್ನು ಕೆಳಗೆ ಒತ್ತುತ್ತದೆ, ಎದುರು ಬದಿಯದು ಮೇಲಕ್ಕೆ ಜಗ್ಗುತ್ತದೆ. ಕಾಂಕ್ರೀಟ್ ಕಂಬ, ಬೀಮ್ ಇರುವ ಮನೆಯಾದರೆ ಈ ಜಗ್ಗಾಟ ಬುನಾದಿಯ ತನಕ ಇಳಿದು ಹೋಗುತ್ತದೆ. ಗರ್ಡರ್ ಮೇಲೆ ಸುಮ್ಮನೆ ಕೂತಿರುವ ಫರ್ಸಿಗೆ ಅದನ್ನು ತಾಳುವ ದಾರಿಯೇ ಇಲ್ಲ. ಇದರ ಜೊತೆ ಬ್ಯಾಟರಿ ಪೆಟ್ಟಿಗೆಗಳ ತೂಕ ಬೇರೆ. ಸುಣ್ಣಕಲ್ಲಿನ ಗಣಿ ಹತ್ತಿರವಿರುವ ಕಡೆ ಬ್ಲಾಸ್ಟಿಂಗ್‌ಗೆ ಗೋಡೆ ಮೊದಲೇ ಬಿರುಕು ಬಿಟ್ಟಿರುತ್ತದೆ.

ನೆರೆಯವರಿಗೆ ಕಾನೂನು ಉಳಿಸಿಕೊಟ್ಟಿರುವ ಬಲವಾದ ಹಿಡಿತವೂ ಈ ಛತ್ತಿನ ವಿಷಯವೇ. ಕೇಂದ್ರ ಸರ್ಕಾರ 2016ರ ನವೆಂಬರಿನಲ್ಲಿ ರೈಟ್ ಆಫ್ ವೇ ನಿಯಮಗಳನ್ನು ತಂದಿತು. ಕೇಬಲ್ ಎಳೆಯಲು, ಟವರ್ ನಿಲ್ಲಿಸಲು ಜಾಗ ಹೇಗೆ ಪಡೆಯಬೇಕು ಎಂದು ಹೇಳುವ ನಿಯಮಗಳಿವು. ಸಾರ್ವಜನಿಕ ಜಾಗಕ್ಕೆ ಅರ್ಜಿ ಬಂದರೆ ಸ್ಥಳೀಯ ಸಂಸ್ಥೆ 60 ದಿನದಲ್ಲಿ ಹೌದು ಅಥವಾ ಇಲ್ಲ ಎನ್ನಬೇಕು, ಸುಮ್ಮನೆ ಕೂತರೆ ಒಪ್ಪಿಗೆ ಕೊಟ್ಟಂತೆ ಎಂದು ಅವು ಗಡುವು ಹಾಕಿದವು. ಟವರ್ ಅರ್ಜಿಗೆ 10,000 ರೂಪಾಯಿಗಿಂತ ಹೆಚ್ಚು ಶುಲ್ಕ ಕೇಳುವಂತಿಲ್ಲ ಎಂದೂ ಹೇಳಿದವು. 5ಜಿ ಹೊಸ್ತಿಲಲ್ಲಿ, 2022ರ ಆಗಸ್ಟಿನಲ್ಲಿ, ತಿದ್ದುಪಡಿ ಬಂತು. ಖಾಸಗಿ ಜಾಗದಲ್ಲಿ ಟವರ್ ಹಾಕಲು ಪುರಸಭೆಯ ಪರವಾನಗಿ ಬೇಕಿಲ್ಲ, ಮುಂಚಿತವಾಗಿ ಲಿಖಿತ ಮಾಹಿತಿ ಕೊಟ್ಟರೆ ಸಾಕು ಎಂದಾಯಿತು. ಕಟ್ಟಡದ ಮೇಲಾದರೆ ಆ ಮಾಹಿತಿಯ ಜೊತೆ ಕಟ್ಟಡ ಗಟ್ಟಿಯಿದೆ ಎಂಬ ಸ್ಟ್ರಕ್ಚರಲ್ ಎಂಜಿನಿಯರ್ ಪ್ರಮಾಣಪತ್ರ ಇರಲೇಬೇಕು.

ಹೀಗಾಗಿ ನೆರೆಯವರಿಗೆ ಉಳಿದದ್ದು ಮುಖ್ಯವಾಗಿ ಆ ಪ್ರಮಾಣಪತ್ರ. ಅದನ್ನು ಓದಬೇಕು. ನಮ್ಮ ಭಾಗದ ಒಂದು ಊರಿನಲ್ಲಿ ಹೀಗೇ ಆಯಿತು. ಸಿಮೆಂಟ್ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಪಕ್ಕದ ಮನೆಯ ಟವರ್ ವಿರುದ್ಧ ಅರ್ಜಿ ಹಾಕಬೇಕೆಂದು ಬಂದರು. ಕೈಯಲ್ಲಿ ಓಣಿಯವರೆಲ್ಲ ಸಹಿ ಮಾಡಿದ ಹಾಳೆ, ಅದರಲ್ಲಿ ಬರೀ ರೇಡಿಯೇಷನ್ ಮಾತು. ಅದನ್ನು ಪಕ್ಕಕ್ಕಿಟ್ಟು, ಮಾಹಿತಿ ಹಕ್ಕಿನಲ್ಲಿ ಪ್ರಮಾಣಪತ್ರದ ಪ್ರತಿ ತರಿಸಿದೆವು. ಒಕ್ಕಣೆಯಲ್ಲಿ ಆರ್‌ಸಿಸಿ ಕಟ್ಟಡ ಎಂದಿತ್ತು. ಅದಕ್ಕೇ ಲಗತ್ತಿಸಿದ ಫೋಟೋದಲ್ಲಿ ಮಾತ್ರ ಪಡಸಾಲೆಯ ಗರ್ಡರ್‌ಗಳು ಸಾಲಾಗಿ ಕಾಣುತ್ತಿದ್ದವು, ಒಂದಕ್ಕೆ ಮಗುವಿನ ಜೋಕಾಲಿ ಕಟ್ಟಿತ್ತು. ಹಿರಿಯರು ಫೋಟೋ ನೋಡಿ, "ಇದು ಆರ್‌ಸಿಸಿ ಆದ್ರ ನಮ್ಮನಿ ತಾಜ್‌ಮಹಲ್ ಆಗ್ತದ ನೋಡ್ರಿ ವಕೀಲ್ ಸಾಹೇಬ್ರ" ಅಂದರು. ಆ ಫೋಟೋವನ್ನೇ ಮುಂದಿಟ್ಟು ಒಂದೇ ಪುಟದ ತಕರಾರು ಬರೆದೆವು. ಟವರ್ ಕೆಲಸ ನಿಂತು, ಮುಂದೆ ಅದೇ ಓಣಿಯ ಇನ್ನೊಂದು ತುದಿಯ ಕಾಂಕ್ರೀಟ್ ಕಟ್ಟಡಕ್ಕೆ ಹೋಯಿತು. ಆ ತುದಿಯವರು ಈಗ ಹಿರಿಯರ ಜೊತೆ ಮಾತಾಡುವುದಿಲ್ಲ, ಆ ಮಾತು ಬೇರೆ.

ಇನ್ನು ರೇಡಿಯೇಷನ್. ಭಯವನ್ನು ನಾನು ಹೀಗಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರ ಮೇ ತಿಂಗಳಲ್ಲಿ ರೇಡಿಯೋ ತರಂಗಗಳನ್ನು 2ಬಿ ವರ್ಗಕ್ಕೆ, ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದವುಗಳ ಪಟ್ಟಿಗೆ, ಸೇರಿಸಿತು. ಸಾಬೀತಾದವುಗಳ ಪಟ್ಟಿ ಬೇರೆಯೇ ಇದೆ, ಇವು ಅದರಲ್ಲಿಲ್ಲ. ನಮ್ಮ ದೇಶ 2012ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲನ್ನು ತನ್ನ ಮಿತಿಯಾಗಿ ಮಾಡಿಕೊಂಡಿತು. 900 ಮೆಗಾಹರ್ಟ್ಸ್ ತರಂಗಕ್ಕೆ ಹೊರದೇಶದ ಮಿತಿ ಚದರ ಮೀಟರಿಗೆ 4.5 ವ್ಯಾಟ್ ಇದ್ದರೆ ನಮ್ಮದು 0.45. ಈ ಕಾರಣಕ್ಕೇ ದೂರಸಂಪರ್ಕ ಇಲಾಖೆ, ಶಾಲೆ, ಆಸ್ಪತ್ರೆ, ವಸತಿ ಪ್ರದೇಶ ಎಂದು ಬೇರೆ ಬೇರೆ ನಿಷೇಧ ಬೇಕಿಲ್ಲ, ಮಿತಿ ಎಲ್ಲ ಕಡೆಗೂ ಒಂದೇ ಎಂಬ ನಿಲುವಿಗೆ ಅಂಟಿಕೊಂಡಿದೆ.

ಜನರಿಗೆ ತಿಳಿಯದ ಒಂದು ಸಂಗತಿ ಇದೆ. ಆಂಟೆನಾದ ಶಕ್ತಿ ಕೆಳಗೆ ಸುರಿಯುವುದಿಲ್ಲ, ಮುಂದಕ್ಕೆ ಹೋಗುತ್ತದೆ. ದೀಪದ ಬುಡದಲ್ಲಿ ಕತ್ತಲು ಎಂಬ ಗಾದೆ ಇಲ್ಲಿ ಹೆಚ್ಚುಕಡಿಮೆ ಅಕ್ಷರಶಃ ನಿಜ. ಟವರ್ ಹೊತ್ತ ಮನೆಯವರಿಗಿಂತ, ಅದೇ ಎತ್ತರದಲ್ಲಿ ಎದುರಿಗಿರುವ ಮನೆಯ ಮೇಲಂತಸ್ತಿನವರು ಲೆಕ್ಕ ಕೇಳಬೇಕು. ಇಲಾಖೆಯ ಮಾರ್ಗಸೂಚಿಯೂ ದೂರವನ್ನು ಹಾಗೇ ಅಳೆಯುತ್ತದೆ: ನೇರ ಎದುರಿಗೆ, ಸಮ ಎತ್ತರದಲ್ಲಿರುವ ಕಟ್ಟಡಕ್ಕೆ ಒಂದು ಆಂಟೆನಾ ಇದ್ದರೆ 20 ಮೀಟರ್, ಎರಡಿದ್ದರೆ 35, ನಾಲ್ಕಿದ್ದರೆ 45, ಆರಿದ್ದರೆ 55, ಹನ್ನೆರಡಿದ್ದರೆ 75. ಅನುಮಾನವಿದ್ದರೆ ಅಳೆಸಬಹುದು. 2017ರ ಮೇ ತಿಂಗಳಲ್ಲಿ ಶುರುವಾದ ತರಂಗ ಸಂಚಾರ ಪೋರ್ಟಲ್‌ನಲ್ಲಿ ನಮ್ಮ ಸುತ್ತಲಿನ ಟವರ್‌ಗಳು ಮಿತಿಯೊಳಗಿವೆಯೇ ಎಂದು ನೋಡಬಹುದು. 4,000 ರೂಪಾಯಿ ಕಟ್ಟಿದರೆ ಇಲಾಖೆಯವರೇ ಮನೆಗೆ ಬಂದು ಅಳೆದು ವರದಿ ಕೊಡುವ ವ್ಯವಸ್ಥೆಯನ್ನೂ ಅದರಲ್ಲೇ ಇಟ್ಟರು. ಓಣಿಯವರು ಕೂಡಿ ಪಟ್ಟಿ ಎತ್ತಿದರೆ ಜಾತ್ರೆಯ ಪಟ್ಟಿಗಿಂತ ಕಡಿಮೆಯೇ.

ಕೋರ್ಟುಗಳು ಏನು ಹೇಳಿವೆ ಎಂದು ಕೇಳುತ್ತಾರೆ. ಎರಡೂ ಬಗೆಯ ಆದೇಶಗಳಿವೆ. ಕೇರಳದ ಚೇಮಂಚೇರಿ ಗ್ರಾಮ ಪಂಚಾಯತಿ ಜನರ ದೂರಿನ ಮೇಲೆ ಟವರ್‌ಗೆ ಅಡ್ಡಬಂದಾಗ, ಆರೋಗ್ಯಕ್ಕೆ ಹಾನಿ ಎಂಬುದಕ್ಕೆ ಆಧಾರವಿಲ್ಲದೆ ತಡೆಯಲಾಗದು ಎಂದು 2006ರಲ್ಲೇ ಅಲ್ಲಿನ ಹೈಕೋರ್ಟ್ ಹೇಳಿತು. ರಾಜಸ್ಥಾನ ಹೈಕೋರ್ಟ್ 2012ರಲ್ಲಿ ಶಾಲೆ, ಆಸ್ಪತ್ರೆಗಳಿಂದ ಟವರ್ ತೆಗೆಸಲು ಆದೇಶಿಸಿತು. 2017ರಲ್ಲಿ ಸುಪ್ರೀಂ ಕೋರ್ಟ್, ಗ್ವಾಲಿಯರ್‌ನ ಮನೆಗೆಲಸ ಮಾಡುವ ಕ್ಯಾನ್ಸರ್ ರೋಗಿಯೊಬ್ಬರ ಅರ್ಜಿಯ ಮೇಲೆ ಒಂದು ಟವರನ್ನು ಬಂದ್ ಮಾಡಲು ಹೇಳಿತು. ಇದನ್ನು ಹಿಡಿದುಕೊಂಡು ಬರುವವರಿಗೆ ನಾನು ಹೇಳುವುದು, ಅದು ಆ ಒಂದು ಟವರಿಗೆ ಆದ ಆದೇಶ, ಅಷ್ಟನ್ನೇ ನಂಬಿ ಹೈಕೋರ್ಟಿನ ಕಲಬುರಗಿ ಪೀಠದ ಮೆಟ್ಟಿಲು ಹತ್ತಬೇಡಿ ಎಂದು. ಅಮೆರಿಕದಲ್ಲಿ 1996ರ ದೂರಸಂಪರ್ಕ ಕಾಯ್ದೆ ಈ ಜಗಳವನ್ನು ಇನ್ನೂ ಖಡಾಖಂಡಿತವಾಗಿ ಮುಗಿಸಿದೆ. ಟವರ್ ಎಲ್ಲಿರಬೇಕು, ಹೇಗೆ ಕಾಣಬೇಕು ಎಂಬುದನ್ನು ಅಲ್ಲಿನ ಊರಾಡಳಿತ ನಿರ್ಧರಿಸಬಹುದು, ಆದರೆ ತರಂಗವು ಕೇಂದ್ರ ಸರ್ಕಾರದ ಮಿತಿಯೊಳಗಿದ್ದರೆ ಆರೋಗ್ಯದ ಕಾರಣಕ್ಕೆ ಬೇಡ ಎನ್ನುವಂತಿಲ್ಲ. ನಮ್ಮಲ್ಲಿ ಊರಿಗೆ ಅಷ್ಟು ಮಾತೂ ಉಳಿದಿಲ್ಲ. ನನಗೆ ಇದು ಸರಿಯೆನಿಸಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಖಾಲಿ ಬಿದ್ದ ಸರ್ಕಾರಿ ಜಾಗ ಇರುವಾಗ ಇಕ್ಕಟ್ಟಿನ ಓಣಿಗೇ ಯಾಕೆ ಎಂದು ಕೇಳುವ ಅಧಿಕಾರವಾದರೂ ವಾರ್ಡಿನ ಸದಸ್ಯರಿಗೆ ಇರಬೇಕಿತ್ತು.

ಪುರಸಭೆಯವರು ಆವೇಶದಲ್ಲಿ ಟವರ್ ಬೇಡವೆಂದು ಠರಾವು ಪಾಸು ಮಾಡುವುದುಂಟು. ಆದರೆ ಸಂವಿಧಾನದ ಏಳನೇ ಅನುಸೂಚಿಯಲ್ಲಿ ದೂರವಾಣಿ, ನಿಸ್ತಂತು ಎರಡೂ ಕೇಂದ್ರದ ಪಟ್ಟಿಯಲ್ಲಿವೆ. 2019ರಲ್ಲಿ ರಾಜ್ಯ ಸರ್ಕಾರ ಟವರ್‌ಗಳಿಗೆಂದೇ ನಿಯಮಾವಳಿ ತಂದಿತು. ಅದರ ಮೇಲೆ 2023ರ ದೂರಸಂಪರ್ಕ ಕಾಯ್ದೆ ಬಂತು, ಅದರಡಿ ಹೊಸ ರೈಟ್ ಆಫ್ ವೇ ನಿಯಮಗಳು 2025ರ ಜನವರಿ 1ರಿಂದ ಜಾರಿಯಾದವು. ಈಗ ಸ್ಥಳೀಯ ಸಂಸ್ಥೆ ಸಾರ್ವಜನಿಕ ಜಾಗದ ಅರ್ಜಿ ತಳ್ಳಿಹಾಕಬೇಕಾದರೆ ಸಕಾರಣವನ್ನು ಬರೆದು ಕೊಡಬೇಕು. ತಕರಾರು ತೀರ್ಮಾನಿಸುವುದು ಜಿಲ್ಲಾಧಿಕಾರಿ, ಪರಿಹಾರದ ವ್ಯಾಜ್ಯವಾದರೆ ಜಿಲ್ಲಾ ನ್ಯಾಯಾಧೀಶರು. ತೆರಿಗೆಯ ಕಥೆಯೂ ಹೀಗೇ. ಟವರ್ ಕೂಡ ಕಟ್ಟಡವೇ, ಅದಕ್ಕೆ ಆಸ್ತಿ ತೆರಿಗೆ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಹೇಳಿದ್ದನ್ನು ಕೇಳಿ ಸ್ಥಳೀಯ ಸಂಸ್ಥೆಗಳು ಖುಷಿಪಟ್ಟಿದ್ದವು. ಹೊಸ ಕಾಯ್ದೆಯ 14ನೇ ಕಲಮು, ಜಾಗದ ಮೇಲೆ ನಿಲ್ಲಿಸಿದ ದೂರಸಂಪರ್ಕ ಜಾಲ ಆ ಆಸ್ತಿಯ ಭಾಗವೇ ಅಲ್ಲ, ಆಸ್ತಿ ತೆರಿಗೆಯ ಲೆಕ್ಕಕ್ಕೂ ಅಲ್ಲ ಎನ್ನುತ್ತದೆ.

ನೆರೆಯವರಿಗೆ ಉಪಯೋಗಕ್ಕೆ ಬರುವ ಇನ್ನೊಂದು ದಾರಿ ಜನರೇಟರ್. ಕರೆಂಟ್ ಹೋದಾಗ ಅದರ ಸದ್ದು ಓಣಿಯ ನಿದ್ದೆ ಕೆಡಿಸುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ 45 ಡೆಸಿಬಲ್ ಮಿತಿ. ಕಾಣದ ತರಂಗದ ಬಗ್ಗೆ ಹತ್ತು ಅರ್ಜಿ ಕೊಟ್ಟರೂ ಆಗದ ಕೆಲಸ ಕೇಳುವ ಸದ್ದಿನ ಬಗ್ಗೆ ಕೊಟ್ಟ ಒಂದೇ ಅರ್ಜಿಯಿಂದ ಆದದ್ದನ್ನು ಕಂಡಿದ್ದೇನೆ.

ಜಾಗವೇ ಅಡ್ಡಬರುವುದೂ ಉಂಟು. ಚಿತ್ತಾಪುರ ತಾಲ್ಲೂಕಿನ ಸನ್ನತಿಯಂಥ ಕಡೆ, ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕು. ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕ ಕನಗನಹಳ್ಳಿ ಸ್ತೂಪದ ಪಕ್ಕ ಕಬ್ಬಿಣದ ಟವರ್ ನಿಲ್ಲದಿರಲಿ ಎಂಬುದಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ.

ಚಿಂಚೋಳಿಯದು ಮಾತ್ರ ಉಲ್ಟಾ. ಕುಂಚಾವರಂ ಕಾಡಿನಂಚಿನ ತಾಂಡಾದಿಂದ ಬಂದ ಹುಡುಗರು, "ಟವರ್ ತೆಗಿಸ್ಲಿಕ್ಕಲ್ರಿ ಸರ್, ಹಾಕಿಸ್ಲಿಕ್ಕ ಬಂದೇವಿ" ಅಂದಾಗ ನನಗೆ ನಗು ಬಂತು. ಅವರಿಗೆ ನಗುವ ವಿಷಯವಾಗಿರಲಿಲ್ಲ. ರೇಷನ್ ಅಂಗಡಿಯ ಮಷೀನ್ ಹೆಬ್ಬೆಟ್ಟು ತೆಗೆದುಕೊಳ್ಳಲು ಸಿಗ್ನಲ್ ಬೇಕು. ಬ್ಯಾಂಕಿನ ಓಟಿಪಿಗೆ ಗುಡ್ಡ ಹತ್ತಬೇಕು. ಅಲ್ಲಿ ಸಿಕ್ಕರೂ ಗಡಿಯಾಚೆಯ ತೆಲಂಗಾಣದ ಸಿಗ್ನಲ್. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ ಸುಮಾರು 135 ಚದರ ಕಿಲೋಮೀಟರ್ ಕಾಡು ಅದು. ಧಾಮದೊಳಗೆ ಒಂದು ಕಂಬ ನೆಡಲೂ ಪುರಸಭೆ, ಪಂಚಾಯತಿ ದಾಟಿ ಅರಣ್ಯದ ಕಡತ ದಿಲ್ಲಿಯ ತನಕ ಹೋಗಬೇಕು. 4ಜಿ ಮುಟ್ಟದ 24,680 ಹಳ್ಳಿಗಳಿಗೆಂದು ಕೇಂದ್ರ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿ ಬಿಎಸ್‌ಎನ್‌ಎಲ್‌ಗೆ ಕೊಟ್ಟಿತು. ತಾಂಡಾದವರ ಮನವಿಯಲ್ಲಿ ಅದನ್ನೇ ಕಾಣಿಸಿ, ಧಾಮದ ಗಡಿಯ ಹೊರಗಿನ ಕಂದಾಯ ಜಮೀನಿನ ಸರ್ವೆ ನಂಬರ್ ಹುಡುಕಿ ಬರೆದುಕೊಟ್ಟೆ.

ಕಡೆಯದಾಗಿ, ನನ್ನ ಮೊದಲ ಪಂಗಡದವರಿಗೆ. 'ನಿಮ್ಮ ಜಾಗದಲ್ಲಿ ಟವರ್, ಲಕ್ಷಾಂತರ ಅಡ್ವಾನ್ಸ್' ಎಂಬ ಮೆಸೇಜ್ ಬಂದು, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದರೆ ಅದು ಮೋಸ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೆಸರಿನ ಎನ್‌ಒಸಿ ತೋರಿಸಿದರಂತೂ ಖಂಡಿತ ಮೋಸ, ಟ್ರಾಯ್ ಅಂಥ ಪತ್ರ ಕೊಡುವುದೇ ಇಲ್ಲ. ನಿಜವಾದ ಕಂಪನಿ ನಿಮಗೆ ಬಾಡಿಗೆ ಕೊಡುತ್ತದೆ, ನಿಮ್ಮಿಂದ ದುಡ್ಡು ಕೇಳುವುದಿಲ್ಲ.

ಆದರೆ ನಿಜವಾದ ಕಂಪನಿಯ ಕರಾರನ್ನೂ ಓದಿ ಸಹಿ ಮಾಡಿ. ದಪ್ಪ ಇಂಗ್ಲಿಷ್ ಕಾಗದ, ಮಾಲೀಕರು ನೋಡುವುದು ಬಾಡಿಗೆಯ ಅಂಕಿ ಇರುವ ಪುಟ ಮಾತ್ರ. ನನ್ನ ಕಕ್ಷಿದಾರರೊಬ್ಬರ ಮಾಳಿಗೆಯ ಟವರ್‌ಗೆ ಬಾಡಿಗೆ ನಿಂತು, ಕರೆಂಟ್ ಕಟ್ಟಾಗಿ, ಅದು ತುಕ್ಕು ಹಿಡಿಯುತ್ತ ನಿಂತಿತು. ಮಗನ ಮದುವೆಗೆ ಮೇಲೊಂದು ಖೋಲಿ ಕಟ್ಟಬೇಕು, ಕಟ್ಟುವಂತಿಲ್ಲ. "ಗುಜರಿಗೆ ಹಾಕ್ಲೇನ್ರಿ?" ಎಂದು ಕೇಳಿದರು. ಬೇಡ ಎಂದೆ. ಅದು ಅವರ ಮನೆಯ ಮೇಲಿದ್ದರೂ ಅವರದಲ್ಲ, ಬಾಕಿಗೆಂದು ಮುಟ್ಟುಗೋಲು ಹಾಕಿಕೊಳ್ಳಲೂ ಬರುವುದಿಲ್ಲ. ಅದಕ್ಕೇ ಈಗ ಕರಾರು ನನ್ನ ಕೈಗೆ ಬಂದರೆ ಎರಡು ಸಾಲು ಸೇರಿಸುತ್ತೇನೆ. ಮೂರು ತಿಂಗಳ ಬಾಡಿಗೆ ತಪ್ಪಿದರೆ ಕಂಪನಿ ತನ್ನ ಖರ್ಚಿನಲ್ಲಿ ಟವರ್ ಇಳಿಸಬೇಕು ಎಂಬುದು ಒಂದು. ಇಳಿಸಿದ ಮೇಲೆ ಬೋಲ್ಟಿನ ತೂತುಗಳನ್ನು ನೀರು ಇಳಿಯದ ಹಾಗೆ ಮುಚ್ಚಿಕೊಡಬೇಕು ಎಂಬುದು ಇನ್ನೊಂದು. ಕಂಪನಿಯವರು ಮೊದಲ ಸಾಲಿಗೆ ಚೌಕಾಸಿ ಮಾಡುತ್ತಾರೆ, ಎರಡನೆಯದನ್ನು ಹೊಡೆದು ಹಾಕಿ ಕಳಿಸುತ್ತಾರೆ. ನಾನು ಮತ್ತೆ ಬರೆದು ಕಳಿಸುತ್ತೇನೆ. ಮಳೆಗಾಲದಲ್ಲಿ ಛತ್ತು ಸೋರುವುದು ಆ ತೂತುಗಳಿಂದಲೇ.