ಹಾಲಿಗಿಳಿಯುವ ಗಾಜಿನ ಕೊಳವೆ

ಅಳತೆ-ತೂಕದಲ್ಲಿ ಮೋಸ ಮಾಡುವವರಿಗೆ ಸೂರಃ ಅಲ್ ಮುತಫ್ಫಿಫೀನ್ ನೀಡುವ ಎಚ್ಚರಿಕೆಯನ್ನು ಜುಮಾ ಖುತ್ಬಾಗಳಲ್ಲಿ ನಾವು ಮತ್ತೆ ಮತ್ತೆ ಕೇಳಿದ್ದೇವೆ. ಕೇಳುವಾಗ ತಕ್ಕಡಿ ಹಿಡಿದ ಅಂಗಡಿಯವನೇ ಕಣ್ಣಮುಂದೆ ಬರುತ್ತಾನೆ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಹಸು ಸಾಕಿ ಹಾಲು ಮಾರುವ ಮನೆಗಳಿಗೆ ಪರಿಚಿತವಾದ ಅಳತೆ ಇನ್ನೊಂದಿದೆ: ಲ್ಯಾಕ್ಟೋಮೀಟರ್.

ತಳದಲ್ಲಿ ಭಾರವಿರುವ ಈ ಗಾಜಿನ ಕೊಳವೆ ತನ್ನ ತೂಕದಷ್ಟೇ ದ್ರವವನ್ನು ಪಕ್ಕಕ್ಕೆ ಸರಿಸಿ ತೇಲುತ್ತದೆ. ದ್ರವ ಸಾಂದ್ರವಾಗಿದ್ದರೆ ಕಡಿಮೆ ಮುಳುಗುತ್ತದೆ, ತೆಳುವಾಗಿದ್ದರೆ ಹೆಚ್ಚು. ಅದರ ಮೇಲಿನ 30 ಎಂಬ ಅಂಕ 1.030 ಸಾಂದ್ರತೆಯ ಗುರುತು. ಹಸುವಿನ ಒಳ್ಳೆಯ ಹಾಲು ಸಾಮಾನ್ಯವಾಗಿ 28ರಿಂದ 32ರೊಳಗೆ ನಿಲ್ಲುತ್ತದೆ. 30 ತೋರುವ ಒಂಬತ್ತು ಲೋಟ ಹಾಲಿಗೆ ಒಂದು ಲೋಟ ನೀರು ಬೆರೆಸಿದರೆ 27ಕ್ಕೆ ಇಳಿಯುತ್ತದೆ.

ಈ ವಿದ್ಯೆ ನಮ್ಮ ಪೂರ್ವಿಕರಿಗೂ ಹೊಸದಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾಗಿ ವಿದ್ವಾಂಸರಾದ ಅಲ್ ಖಾಝಿನೀ, ಹಿಜರಿ 515ರಲ್ಲಿ (ಕ್ರಿ.ಶ. 1121) ಬರೆದ 'ಮೀಝಾನುಲ್ ಹಿಕ್ಮಃ' ಗ್ರಂಥದಲ್ಲಿ ದ್ರವಗಳಲ್ಲಿ ತೇಲಿಸುವ ಇಂಥದ್ದೇ ಕೊಳವೆಯನ್ನು ವಿವರಿಸಿದ್ದಾರೆ. ಅದು ಗ್ರೀಕ್ ವಿದ್ವಾಂಸ ಪಾಪ್ಪಸ್‌ನದು ಎಂದು ಪ್ರಾಮಾಣಿಕವಾಗಿ ಹೇಳಿಯೂ ಇದ್ದಾರೆ.

ಆದರೆ ಕೊಳವೆಗೆ ಕಾಣುವುದು ಸಾಂದ್ರತೆ ಮಾತ್ರ. ಕೆನೆ ಹಗುರ, ಅದನ್ನು ತೆಗೆದರೆ ಅಂಕ ಏರುತ್ತದೆ, ಆಮೇಲೆ ನೀರು ಬೆರೆಸಿದರೆ ಮೊದಲಿನ ಅಂಕಕ್ಕೇ ಬಂದು ನಿಲ್ಲುತ್ತದೆ. ಸಕ್ಕರೆ, ಉಪ್ಪು ಸೇರಿಸಿಯೂ ಅದನ್ನು ವಂಚಿಸಬಹುದು. ಆದ್ದರಿಂದಲೇ ಕೊಬ್ಬಿನ ಪರೀಕ್ಷೆ ಬೇರೆಯಾಗಿ ಬೇಕು. ಹಾಲಿಗೆ ನೀರು ಬೆರೆಸೆಂದ ತಾಯಿಗೆ, ಖಲೀಫಾ ಉಮರ್(ರ) ನೋಡದಿದ್ದರೂ ಅಲ್ಲಾಹನು ನೋಡುತ್ತಾನೆ ಎಂದ ಹುಡುಗಿಯ ಕಥೆ ನಮ್ಮ ಮಕ್ಕಳಿಗೂ ಗೊತ್ತು.

ಇದಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಪ್ರಾಮಾಣಿಕರ ಮೇಲೆ ಬೀಳುವ ಸಂಶಯ. ಕರೆದ ಹಾಲನ್ನು ಬಿಸಿ ಆರುವ ಮುನ್ನವೇ ತಂದ ಹೆಂಗಸಿಗೆ "ನೀರು ಹಾಕಿದ್ದೀಯಾ?" ಎಂದು ಹತ್ತು ಜನರೆದುರು ಕೇಳಿದರೆ ಅವಳ ಮಾನ ಹೋಯಿತು. ನಿಜ ಸಂಗತಿ ಬೇರೆಯಿರಬಹುದು. 27 ಡಿಗ್ರಿಗೆಂದು ಗುರುತು ಹಾಕಿದ ಕೊಳವೆಯನ್ನು 35 ಡಿಗ್ರಿಯ ಹಾಲಿಗೆ ಇಳಿಸಿದರೆ ಸುಮಾರು ಎರಡು ಅಂಕ ಕಡಿಮೆ ತೋರುತ್ತದೆ. ಆಗಷ್ಟೇ ಕರೆದ ಹಾಲಿನ ಗಾಳಿಗುಳ್ಳೆಗಳು ಇನ್ನಷ್ಟು ಇಳಿಸುತ್ತವೆ. ಶುದ್ಧ ಹಾಲೇ ನೀರು ಬೆರೆಸಿದ್ದರಂತೆ ಕಾಣುತ್ತದೆ! ಮಲೆನಾಡಿನ ಮಳೆಗಾಲದ ಚಳಿಯಲ್ಲಿ ಇದು ತಿರುವುಮುರುವು: ತಣ್ಣಗಾದ ಹಾಲಿನ ಅಂಕ ಏರಿ, ಸ್ವಲ್ಪ ನೀರು ಸೇರಿದ್ದೂ ಪಾರಾಗುತ್ತದೆ.

ಹಾಗಾಗಿ ಅಳೆಯುವವರು ಹಾಲನ್ನು ಸ್ವಲ್ಪ ಹೊತ್ತು ಬಿಟ್ಟು, ನೊರೆ ಬರದಂತೆ ಮೆಲ್ಲಗೆ ಕಲಕಿ, ಥರ್ಮಾಮೀಟರ್ ಇಳಿಸಿ ನೋಡಲಿ. ಕೊಳವೆ ಯಾವ ಉಷ್ಣಾಂಶಕ್ಕೆ ಮಾಡಿದ್ದೆಂಬುದು ಅದರ ಮೇಲೆಯೇ ಬರೆದಿರುತ್ತದೆ. ಅದನ್ನು ಓದಿ ತೋರಿಸುವಂತೆ ಕೇಳಲು ಹಾಲು ತಂದವರು ಸಂಕೋಚಪಡಬೇಕಿಲ್ಲ.