ಬ್ರೌಸರ್‌ನೊಳಗಿನ ಕಿರುತಂತ್ರಾಂಶಗಳು: ಉದ್ಯಮಿಗಳು ವಹಿಸಬೇಕಾದ ಎಚ್ಚರ

ಜೆ.ಪಿ. ನಗರ ಮೂರನೇ ಹಂತದ ಸಾರಕ್ಕಿ ಕೈಗಾರಿಕಾ ಬಡಾವಣೆಯಂತಹ ಪ್ರದೇಶಗಳ ಸಣ್ಣ ಘಟಕಗಳಲ್ಲಿ ಬ್ಯಾಂಕ್ ವ್ಯವಹಾರ, ಜಿ.ಎಸ್.ಟಿ. ರಿಟರ್ನ್, ಇ-ವೇ ಬಿಲ್, ಟೆಂಡರ್ ಎಲ್ಲವೂ ಸಾಮಾನ್ಯವಾಗಿ ಲೆಕ್ಕಪತ್ರ ವಿಭಾಗದ ಒಂದೇ ಗಣಕಯಂತ್ರದ ಒಂದೇ ಬ್ರೌಸರ್‌ನಲ್ಲಿ ನಡೆಯುತ್ತವೆ. ಪಿ.ಡಿ.ಎಫ್. ಪರಿವರ್ತನೆಗೆಂದೋ ಅನುವಾದಕ್ಕೆಂದೋ ಸಿಬ್ಬಂದಿ ಅದೇ ಬ್ರೌಸರ್‌ಗೆ ಸೇರಿಸಿಕೊಂಡ ಎಕ್ಸ್‌ಟೆನ್ಶನ್‌ಗಳೆಷ್ಟು ಎಂಬುದನ್ನು ಬಲ್ಲ ಮಾಲೀಕರು ವಿರಳ.

ಹಿಂದೆ ಪ್ಲಗ್-ಇನ್ ಎಂದರೆ ಜಾವಾ ಮತ್ತು ಫ್ಲ್ಯಾಶ್. ಕ್ರೋಮ್ ಬ್ರೌಸರ್ 2015ರಲ್ಲಿ ಜಾವಾ ಪ್ಲಗ್-ಇನ್‌ಗೆ ಬಾಗಿಲು ಮುಚ್ಚಿತು. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಡಿಜಿಟಲ್ ಸಹಿಯ ಕಾರ್ಯವನ್ನು ಈಗ ನಮ್ಮ ಬೆಂಗಳೂರಿನದೇ ಆದ ಇ-ಮುದ್ರಾ ಸಂಸ್ಥೆಯ ಎಮ್‌ಸೈನರ್‌ನಂತಹ ಪ್ರತ್ಯೇಕ ತಂತ್ರಾಂಶಗಳು ನಿರ್ವಹಿಸುತ್ತವೆ. ಆ ಹಳೆಯ ಪ್ಲಗ್-ಇನ್‌ಗಳ ಅಪಾಯವಿದ್ದುದು ಅವುಗಳ ರಚನೆಯ ದೋಷದಲ್ಲಿ. ಇಂದಿನ ಎಕ್ಸ್‌ಟೆನ್ಶನ್‌ಗಳ ಅಪಾಯವಿರುವುದು ಅವು ತಾವಾಗಿಯೇ ನವೀಕರಣಗೊಳ್ಳುವುದರಲ್ಲಿ. ನಿನ್ನೆ ಸಭ್ಯವಾಗಿದ್ದುದು ಇಂದು ಬೇರೊಬ್ಬರ ಕೈಸೇರಿರಬಹುದು.

‘ದಿ ಗ್ರೇಟ್ ಸಸ್ಪೆಂಡರ್’ ಇದಕ್ಕೆ ತಕ್ಕ ನಿದರ್ಶನ. 20 ಲಕ್ಷಕ್ಕೂ ಹೆಚ್ಚು ಬಳಕೆದಾರರಿದ್ದ ಈ ಎಕ್ಸ್‌ಟೆನ್ಶನ್ ಅನ್ನು ಮೂಲ ನಿರ್ಮಾತೃ 2020ರಲ್ಲಿ ಅಪರಿಚಿತರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ದುಷ್ಟ ತಂತ್ರಾಂಶವೆಂದು ಸಾರಿ ತೆಗೆದುಹಾಕಿತು. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಎಂಬ ಸಂಸ್ಥೆಯ ಉದ್ಯೋಗಿಯೊಬ್ಬರು ನಕಲಿ ಇ-ಮೇಲ್‌ಗೆ ಮೋಸಹೋದ ಪರಿಣಾಮವಾಗಿ, ಸುಮಾರು 4 ಲಕ್ಷ ಬಳಕೆದಾರರಿದ್ದ ಅದರ ಎಕ್ಸ್‌ಟೆನ್ಶನ್‌ನ ವಿಷಪೂರಿತ ಆವೃತ್ತಿ ಸುಮಾರು ಒಂದು ದಿನ ಚಲಾವಣೆಯಲ್ಲಿತ್ತು. ದತ್ತಾಂಶ ರಕ್ಷಣೆಯೇ ಆ ಸಂಸ್ಥೆಯ ಕಸುಬು ಎಂಬುದು ಗಮನಾರ್ಹ!

ಇಂತಹ ಎಕ್ಸ್‌ಟೆನ್ಶನ್ ಕದಿಯುವುದು ಪಾಸ್‌ವರ್ಡ್ ಒಂದನ್ನೇ ಅಲ್ಲ. ಲಾಗಿನ್ ಆಗಿರುವ ಸೆಷನ್ ಅನ್ನೇ ಅದು ಎತ್ತಿಕೊಳ್ಳಬಲ್ಲದು. ಆಗ ಓ.ಟಿ.ಪಿ. ಇದ್ದೂ ಪ್ರಯೋಜನವಿಲ್ಲ. ಜೆ.ಪಿ. ನಗರದಲ್ಲೇ ಕೇಂದ್ರ ಕಚೇರಿ ಹೊಂದಿರುವ ಝೆರೋಧಾದ ನಿತಿನ್ ಕಾಮತ್ ಅವರ ವೈಯಕ್ತಿಕ ಎಕ್ಸ್ ಖಾತೆಗೆ 2025ರ ಅಕ್ಟೋಬರ್‌ನಲ್ಲಿ ವಂಚಕರು ನುಸುಳಿದ್ದು ಎಕ್ಸ್‌ಟೆನ್ಶನ್‌ನಿಂದಲ್ಲ, ನಕಲಿ ಇ-ಮೇಲ್‌ನಿಂದ. ಆದರೂ ಎರಡು ಹಂತದ ದೃಢೀಕರಣವಿದ್ದಾಗ್ಯೂ ಒಂದು ಸೆಷನ್ ವಂಚಕರ ವಶವಾಯಿತೆಂದು ಅವರೇ ಬಹಿರಂಗವಾಗಿ ತಿಳಿಸಿದ್ದು ನಮಗೆ ಪಾಠವಾಗಬೇಕು.

ಹಾಗಾದರೆ ಮಾಡಬೇಕಾದುದೇನು? ಮೊದಲು ಪ್ರತಿ ಯಂತ್ರದ ಎಕ್ಸ್‌ಟೆನ್ಶನ್‌ಗಳನ್ನು ಪಟ್ಟಿಮಾಡಿ, ‘ಎಲ್ಲಾ ಜಾಲತಾಣಗಳ ಮಾಹಿತಿಯನ್ನು ಓದುವ ಮತ್ತು ಬದಲಿಸುವ’ ಅನುಮತಿ ಪಡೆದವನ್ನು ಗುರುತಿಸತಕ್ಕದ್ದು. ಹೊಸ ಅನುಮತಿ ಬೇಕಾದಾಗ ಬ್ರೌಸರ್ ನಮ್ಮನ್ನು ಕೇಳುತ್ತದೆ, ನಿಜ. ಆದರೆ ಈ ವಿಶಾಲ ಅನುಮತಿ ಮೊದಲೇ ಇದ್ದಲ್ಲಿ ಕೇಳುವ ಪ್ರಮೇಯವೇ ಬಾರದು. ಆಮೇಲೆ ಕ್ರೋಮ್ ಮತ್ತು ಎಡ್ಜ್‌ಗಳ ಆಡಳಿತ ನೀತಿಯಲ್ಲಿ ಎಲ್ಲವನ್ನೂ ತಡೆದು, ಮಾಲೀಕರು ಒಪ್ಪಿದವನ್ನಷ್ಟೇ ಬಿಡುವ ವ್ಯವಸ್ಥೆ ಮಾಡಿಸಬಹುದು. ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ನಮ್ಮ ಅಭಿಪ್ರಾಯದಲ್ಲಿ ಐದಾರು ಯಂತ್ರಗಳ ಘಟಕಕ್ಕೆ ಇಷ್ಟೇ ಬಹುಮಟ್ಟಿಗೆ ಸಾಕು.

ಯಂತ್ರಗಳು ಹೆಚ್ಚಿದಂತೆ ಕೈಲೆಕ್ಕ ಸಾಲದು. ನಿಗಾ ತಂತ್ರಾಂಶ ಬೇಕಾಗುತ್ತದೆ. ಓಎಸ್‌ಕ್ವೆರಿ ಎಂಬ ಮುಕ್ತ ತಂತ್ರಾಂಶವು ಯಾವ ಯಂತ್ರದಲ್ಲಿ ಯಾವ ಎಕ್ಸ್‌ಟೆನ್ಶನ್‌ನ ಯಾವ ಆವೃತ್ತಿಯಿದೆ ಎಂಬುದನ್ನು ಕೋಷ್ಟಕವಾಗಿ ಒದಗಿಸುತ್ತದೆ. ವಾಝೂ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಆ ವರದಿಗಳನ್ನು ಒಂದೆಡೆ ಕಲೆಹಾಕಿ ಎಚ್ಚರಿಕೆ ನೀಡಬಲ್ಲದು. ತಂತ್ರಾಂಶ ಉಚಿತವಾದರೂ ಅದನ್ನು ನೋಡಿಕೊಳ್ಳುವ ತಂತ್ರಜ್ಞರ ವೆಚ್ಚ ಉಚಿತವಲ್ಲ. ಎಚ್ಚರಿಕೆಯನ್ನು ಓದುವವರಿಲ್ಲದಿದ್ದರೆ ನಿಗಾ ಇಟ್ಟೂ ವ್ಯರ್ಥ.

ಕಾನೂನಿನ ಅಂಶವೂ ಇದೆ. ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು ಅರಿವಿಗೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಹಾಗೂ ಗಣಕ ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನ ಕಾಯ್ದಿರಿಸಬೇಕು. ಸೂಕ್ಷ್ಮ, ಸಣ್ಣ ಹಾಗೂ ಮಧ್ಯಮ ಉದ್ಯಮಗಳಿಗೆ ನೀಡಿದ್ದ ಕಾಲಾವಕಾಶ 2022ರ ಸೆಪ್ಟೆಂಬರ್ 25ಕ್ಕೆ ಮುಗಿಯಿತು. ಖಾತೆಯಿಂದ ಹಣ ಹೋದುದು ಕಂಡಲ್ಲಿ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸುವುದು. ಅಲ್ಲಿಯವರೆಗೆ, ಬ್ಯಾಂಕ್ ಕೆಲಸಕ್ಕೆ ಒಂದೂ ಎಕ್ಸ್‌ಟೆನ್ಶನ್ ಇಲ್ಲದ ಪ್ರತ್ಯೇಕ ಬ್ರೌಸರ್ ಇರಿಸಿಕೊಳ್ಳುವುದನ್ನು ಸದಸ್ಯರು ಈ ವಾರವೇ ಆರಂಭಿಸಬಹುದು.