ಹಳೆಯದಕ್ಕೆ ನೀರು ಬೇಕು, ಹೊಸದಕ್ಕೆ ನೀರು ಬೇಡ

ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಐಟಿ ಕಚೇರಿಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದ ದಿನಗಳಲ್ಲಿ ರಾತ್ರಿ ಪಾಳಿಯವರನ್ನು ಮನೆ ಮುಟ್ಟಿಸುವ ಗಾಡಿ ಎಂದರೆ ಕ್ವಾಲಿಸ್. 2005ರಲ್ಲಿ ಇನ್ನೋವಾ ಬಂದು ಅದರ ಜಾಗ ಹಿಡಿಯಿತು. ಎರಡೂ ತಯಾರಾದದ್ದು ನಮ್ಮ ಬಿಡದಿಯಲ್ಲಿ. ಎಂಜಿನ್ ಗಾತ್ರವೂ ಹೆಚ್ಚುಕಡಿಮೆ ಒಂದೇ: ಕ್ವಾಲಿಸ್‌ನದು 2446 ಸಿಸಿ, ಇನ್ನೋವಾದ್ದು 2494 ಸಿಸಿ. ಬೇರೆಯಾದದ್ದು ಡೀಸೆಲ್ ಉರಿಯುವ ಜಾಗ. ಕ್ವಾಲಿಸ್‌ನದು ಪರೋಕ್ಷ ಸಿಂಪಡಣೆಯ ಐಡಿಐ ಎಂಜಿನ್, ಇನ್ನೋವಾದ್ದು ನೇರ ಸಿಂಪಡಣೆಯ ಡಿಐ. ಯಾವುದು ಹೆಚ್ಚು ನಂಬಿಗಸ್ತ?

ನೆಲ್ಲಿಕಾಯಿಯಷ್ಟು ಕೋಣೆ

ಐಡಿಐ ಎಂಜಿನ್ನಿನ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಒಳಗೆ, ಪ್ರತಿ ಸಿಲಿಂಡರಿಗೂ ಒಂದರಂತೆ, ಸುಮಾರು ನೆಲ್ಲಿಕಾಯಿ ಹಿಡಿಸುವಷ್ಟು ಕೋಣೆ ಇರುತ್ತದೆ. ಪಿಸ್ಟನ್ ಮೇಲೇರುವಾಗ ಗಾಳಿ ಕಿರಿದಾದ ಬಾಯಿಯಿಂದ ಇದರೊಳಕ್ಕೆ ನುಗ್ಗಿ ಸುಳಿಯಾಗಿ ಸುತ್ತುತ್ತದೆ. ಡೀಸೆಲ್ ಬೀಳುವುದು ಆ ಸುಳಿಯ ಮೇಲೆ. ಬೆರೆಸುವ ಕೆಲಸವನ್ನು ಗಾಳಿಯೇ ಮಾಡುವುದರಿಂದ ಸಿಂಪಡಣೆ ಅಷ್ಟೇನೂ ನಯವಾಗಿರಬೇಕಿಲ್ಲ. ನಾಜಲ್ ತೆರೆಯಲು 120–150 ಬಾರ್ ಒತ್ತಡ ಸಾಕು. ನಾಜಲ್‌ಗೆ ಒಂದೇ ತೂತು, ಅದರೊಳಗೆ ಒಂದು ಸೂಜಿ. ಸೂಜಿ ಮೇಲೆ ಕೆಳಗೆ ಆಡಿದಾಗಲೆಲ್ಲ ತೂತಿನ ಮಸಿ ಉಜ್ಜಿಹೋಗುತ್ತದೆ. ಡೀಸೆಲ್ ಸ್ವಲ್ಪ ಕೊಳಕಾಗಿದ್ದರೂ ಈ ಎಂಜಿನ್ ಸಹಿಸಿಕೊಂಡು ಓಡುವುದು ಇದರಿಂದಲೇ.

ಸಹಿಸಲಾರದ್ದು ಬಿಸಿ. ಬೆಂಕಿ ಕೋಣೆಯ ಗೋಡೆ ಸವರಿ, ಕಿರಿದಾದ ಬಾಯಿ ದಾಟಿ ಹೊರಬರಬೇಕು. ಆ ದಾರಿಯಲ್ಲಿ ಬಹಳಷ್ಟು ಶಾಖ ಹೆಡ್‌ಗೂ ಅಲ್ಲಿಂದ ರೇಡಿಯೇಟರ್ ನೀರಿಗೂ ಸೋರಿಹೋಗುತ್ತದೆ. ಡಿಐಗಿಂತ ಶೇಕಡಾ 10–15ರಷ್ಟು ಹೆಚ್ಚು ಡೀಸೆಲ್ ಖರ್ಚಾಗುವುದು, ಬೆಳಗಿನ ಚಳಿಯಲ್ಲಿ ಹೀಟರ್ ಪ್ಲಗ್ ಕಾಯದೆ ಸ್ಟಾರ್ಟ್ ಆಗದಿರುವುದು, ಎರಡಕ್ಕೂ ಕಾರಣ ಈ ಸೋರಿಕೆ. ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ, ಎಸಿ ಹಾಕಿಕೊಂಡು ಬಯೋಡೈವರ್ಸಿಟಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಿಂತಾಗ ರೇಡಿಯೇಟರ್ ನೀರು ಕಡಿಮೆಯಿದ್ದರೆ ಹೆಡ್ ಬಾಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ.

ಕೂದಲಿನಂಥ ತೂತುಗಳು

ಡಿಐ ಎಂಜಿನ್ನಿನಲ್ಲಿ ಆ ಕೋಣೆಯೇ ಇಲ್ಲ. ಪಿಸ್ಟನ್ ತಲೆಯಲ್ಲಿ ಕೊರೆದ ಬಟ್ಟಲಿಗೆ ಡೀಸೆಲ್ ನೇರವಾಗಿ ಬೀಳುತ್ತದೆ. ಶಾಖ ಉಳಿಯುತ್ತದೆ, ಮೈಲೇಜ್ ಹೆಚ್ಚುತ್ತದೆ, ಹೆಡ್ಡಿನ ಮೇಲಿನ ಹೊರೆ ಇಳಿಯುತ್ತದೆ. ಲಾರಿಗಳಲ್ಲಿ, ಗಚ್ಚಿಬೌಲಿಯ ಗಾಜಿನ ಕಟ್ಟಡಗಳ ಹಿಂದೆ ಕರೆಂಟ್ ಹೋದಾಗ ಗುಡುಗುವ ಜನರೇಟರ್‌ಗಳಲ್ಲಿ ಇರುವುದು ಇದೇ ಪದ್ಧತಿ. ಸಾದಾ ಪಂಪಿನ ಹಳೆಯ ಲಾರಿ ಎಂಜಿನ್‌ಗಳು ಇದೇ ಪದ್ಧತಿಯಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿವೆ. ಹಾಗಾಗಿ ಡಿಐ ಎಂದರೆ ಸೂಕ್ಷ್ಮ ಎಂದು ತೀರ್ಮಾನಿಸುವುದು ತಪ್ಪು.

ಸೂಕ್ಷ್ಮತೆ ಬಂದದ್ದು ಇನ್ನೋವಾದಲ್ಲಿರುವ ಕಾಮನ್ ರೈಲ್‌ನಿಂದ, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಹೆಚ್ಚಿನ ಒತ್ತಡದ ಡೀಸೆಲ್ ಹಂಚುವ ಒಂದೇ ಕೊಳವೆಯಿಂದ. ಇಲ್ಲಿ ಬೆರೆಸುವ ಭಾರವೆಲ್ಲ ಸಿಂಪಡಣೆಯ ಮೇಲೆ. ಅದಕ್ಕೇ ಕೂದಲಿನಷ್ಟು ಸಣ್ಣ ಹಲವು ತೂತುಗಳು, ಸಾವಿರ ಬಾರ್ ಮೀರಿದ ಒತ್ತಡ. ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಎಣ್ಣೆ. ಆ ಡೀಸೆಲ್ಲಿನಲ್ಲಿ ನೀರು ಬೆರೆತರೆ ಜಿಡ್ಡಿನ ಪೊರೆ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ. ಉದುರಿದ ಪುಡಿ ರೈಲ್ ಮೂಲಕ ನಾಲ್ಕೂ ಇಂಜೆಕ್ಟರ್‌ಗಳಿಗೆ ಹರಿಯುತ್ತದೆ. ಒಂದು ಲೋಟ ನೀರು ಮಾಡಿದ ಹಾನಿಗೆ ಪಂಪನ್ನೂ ಇಂಜೆಕ್ಟರ್‌ಗಳನ್ನೂ ಬದಲಿಸಬೇಕಾಗಬಹುದು.

ಚಾಲಕನ ಕೈಯಲ್ಲಿರುವ ಬಾಳಿಕೆ

ಒಂದು ಎಂಜಿನ್ ನೀರಿಲ್ಲದೆ ಕೆಡುತ್ತದೆ, ಇನ್ನೊಂದು ನೀರು ಸೇರಿ ಕೆಡುತ್ತದೆ. ಕೆಡುವ ರೀತಿಯೂ ಬೇರೆ. ಐಡಿಐ ಮೊದಲೇ ಸುಳಿವು ಕೊಡುತ್ತದೆ: ಬೆಳಿಗ್ಗೆ ಸ್ಟಾರ್ಟಿಂಗ್ ತಡವಾಗುತ್ತದೆ, ಬಿಳಿ ಹೊಗೆ ಬರುತ್ತದೆ, ನೀರು ಪದೇಪದೇ ಇಳಿಯುತ್ತದೆ. ಹಳ್ಳಿಯ ಮೆಕ್ಯಾನಿಕ್ ಕೂಡ ಅದನ್ನು ಬಿಚ್ಚಿ ಸರಿಮಾಡಬಲ್ಲ. ಕಾಮನ್ ರೈಲ್ ಎಂಜಿನ್ ಒಂದು ಸೆನ್ಸರ್ ಕೈಕೊಟ್ಟರೂ ಹೊರವರ್ತುಲ ರಸ್ತೆಯ ನಡುವೆ ನಿಂತುಬಿಡಬಹುದು. ಅದರ ದೋಷ ಓದಲು ಸ್ಕ್ಯಾನರ್ ಬೇಕು. ಆದರೆ ಶುದ್ಧ ಡೀಸೆಲ್ ಸಿಕ್ಕರೆ ಅದರ ಬಾಳಿಕೆಯೂ ಕಡಿಮೆಯದಲ್ಲ.

ಆದ್ದರಿಂದ ದಿನದ ಮೊದಲ ಟ್ರಿಪ್ಪಿಗೆ ಮುಂಚೆ, ಎಂಜಿನ್ ತಣ್ಣಗಿರುವಾಗ, ಹಳೆಯ ಗಾಡಿಯವರು ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಲಿ. ಹೊಸ ಗಾಡಿಯವರು ಆಗಾಗ ಫಿಲ್ಟರ್ ತಳದ ತಿರುಪು ಸಡಿಲಿಸಿ ಒಂದಿಷ್ಟು ಡೀಸೆಲ್ಲನ್ನು ಗಾಜಿನ ಲೋಟಕ್ಕೆ ಇಳಿಸಲಿ. ಲೋಟವನ್ನು ಬೆಳಕಿಗೆ ಹಿಡಿದಾಗ ತಳದಲ್ಲಿ ಗುಂಡಗೆ ಉರುಳುವ ಹನಿ ಕಂಡರೆ ಅದು ನೀರು. ಹನಿ ನಿಂತು ಬರೀ ಡೀಸೆಲ್ ಬರುವವರೆಗೆ ಇಳಿಸಿ, ತಿರುಪು ಬಿಗಿ ಮಾಡಿ, ಆಮೇಲೆ ಗಾಡಿ ಹೊರಡಲಿ.